ನಾಟಕ ಮೊದಲು, ಊರು ಆಮೇಲೆ: ಕೊಡಗಿನಿಂದ ಬೆಂಗಳೂರಿಗೆ ಎರಡು ದಿನದ ರಂಗಪ್ರವಾಸ

ಕೊಡಗಿನವರು ಬೆಂಗಳೂರಿಗೆ ಹೋಗುವುದು ಸಾಮಾನ್ಯವಾಗಿ ಯಾವುದಕ್ಕೆ? ಆಸ್ಪತ್ರೆ, ಕೋರ್ಟು, ಮಕ್ಕಳ ಕಾಲೇಜು ಅಡ್ಮಿಷನ್, ಇಲ್ಲಾ ನೆಂಟರ ಮದುವೆ. ಕೆಲಸ ಮುಗಿದ ತಕ್ಷಣ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಓಟ. ಸುಮ್ನೆ ಊರು ನೋಡೋಣ, ಒಂದು ಒಳ್ಳೆ ನಾಟಕ ನೋಡಿ ಬರೋಣ ಅಂತ ಹೊರಡುವವರು ಕಮ್ಮಿ. ಹೊರಟವರೂ ಹೆಚ್ಚಾಗಿ ಹಗಲೆಲ್ಲ ಸುತ್ತಿ, ಸಂಜೆ ಸುಸ್ತಾಗಿ, "ನಾಟಕ ಇನ್ನೊಂದ್ಸಲ ನೋಡಿದ್ರಾಯ್ತು ಬಿಡು" ಅಂತ ಲಾಡ್ಜಿನಲ್ಲಿ ಮಲಗುತ್ತಾರೆ.

ಇದಕ್ಕೆ ಕಾರಣ ಒಂದೇ. ಎಲ್ಲರೂ ಮೊದಲು ನೋಡಬೇಕಾದ ಜಾಗಗಳ ಪಟ್ಟಿ ಮಾಡುತ್ತಾರೆ, ನಾಟಕವನ್ನು ಕೊನೆಗೆ ತುರುಕುತ್ತಾರೆ. ತಿರುಗಿಸಿ ಮಾಡಿ. ಲಾಲ್‌ಬಾಗ್ ನಾಳೆಯೂ ಇರುತ್ತದೆ, ನಾಡಿದ್ದೂ ಇರುತ್ತದೆ. ನಾಟಕ ಇರುವುದು ಒಂದೇ ಸಂಜೆ, ಒಂದೇ ಹೊತ್ತಿಗೆ. ಅದನ್ನು ಗೊತ್ತುಮಾಡಿಕೊಂಡು, ಬಸ್ಸು, ರೂಮು, ಸುತ್ತಾಟ ಎಲ್ಲವನ್ನೂ ಅದರ ಸುತ್ತ ಜೋಡಿಸಬೇಕು. ಈ ಬರಹ ಇರುವುದು ಆ ಲೆಕ್ಕದಲ್ಲೇ.

ನಾಟಕ ನಮಗೇನೂ ಹೊಸದಲ್ಲ. ಹರದಾಸ ಅಪ್ಪಚ್ಚ ಕವಿ ನೂರು ವರ್ಷಕ್ಕೂ ಹಿಂದೆಯೇ ಯಯಾತಿ, ಸಾವಿತ್ರಿಯರ ಕಥೆಗಳನ್ನು ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನಾಟಕ ಮಾಡಿದವರು. ಆದರೆ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಈ ವಾರ ಯಾವ ನಾಟಕ ಅಂತ ಕೇಳಿದರೆ ಹೆಚ್ಚಿನ ವಾರ ಉತ್ತರ ಇರುವುದಿಲ್ಲ. ಬೆಂಗಳೂರಿನಲ್ಲಿ ಈ ಸಂಜೆಯೇ ನಾಲ್ಕೈದು ಕಡೆ ಇರಬಹುದು.

ಹೆಜ್ಜೆ 1: ಯಾವ ತಿಂಗಳು

ತೋಟ ಇರುವವರಿಗೆ ಇದೇ ಮೊದಲ ಪ್ರಶ್ನೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಆಗ ಯಾರೂ ಅಲ್ಲಾಡುವ ಹಾಗಿಲ್ಲ. ಮಾರ್ಚ್, ಏಪ್ರಿಲ್ ಬಂದರೆ ಹೂಮಳೆಗೆ ಕಾಯುವುದು, ಇಲ್ಲಾ ಸ್ಪ್ರಿಂಕ್ಲರ್ ಹಿಂದೆ ಓಡುವುದು. ಮೇ ತಿಂಗಳಲ್ಲಿ ಮದುವೆಗಳು.

ಹಾಗಾಗಿ ನನ್ನ ಪ್ರಕಾರ ಎರಡು ಒಳ್ಳೆ ಕಾಲ. ಒಂದು, ಆಗಸ್ಟ್. ಇಲ್ಲಿ ಕಕ್ಕಡ ತಿಂಗಳ ಮಳೆ ಸುರಿಯುವಾಗ ಬೆಂಗಳೂರು ನಮ್ಮ ಪಾಲಿಗೆ ಒಣ ಊರು. ಸ್ವಾತಂತ್ರ್ಯ ದಿನದ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನವೂ ಇರುತ್ತದೆ. ಆದರೆ ಹೊರಡುವ ಹಿಂದಿನ ದಿನ ರಸ್ತೆ ಹೇಗಿದೆ ಅಂತ ಕೇಳಿಕೊಳ್ಳಿ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಎಲ್ಲರಿಗೂ ನೆನಪಿದೆ ಅಲ್ವಾ. ಇನ್ನೊಂದು, ಅಕ್ಟೋಬರ್ ಕೊನೆಯಿಂದ ಪುತ್ತರಿ ಹಬ್ಬದವರೆಗಿನ ದಿನಗಳು. ಕಾವೇರಿ ಸಂಕ್ರಮಣ ಮುಗಿದಿರುತ್ತದೆ, ಕುಯ್ಲು ಶುರುವಾಗಿರುವುದಿಲ್ಲ. ರಂಗತಂಡಗಳ ಓಡಾಟವೂ ಆಗ ಜೋರು. ರಂಗಶಂಕರದ ವಾರ್ಷಿಕ ನಾಟಕೋತ್ಸವ ಸಾಮಾನ್ಯವಾಗಿ ಈ ಸಮಯಕ್ಕೇ ಬರುತ್ತದೆ.

ಹೆಜ್ಜೆ 2: ನಾಟಕ ಗೊತ್ತುಮಾಡಿ

ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಬೆಂಗಳೂರಿನ ರಂಗಮಂದಿರಗಳೆಲ್ಲ ಒಂದೇ ಥರ ಅಲ್ಲ, ಒಂದೇ ಕಡೆ ಇರುವುದೂ ಇಲ್ಲ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಜೆ.ಪಿ. ನಗರ 2ನೇ ಹಂತದ ರಂಗಶಂಕರ. ಶಂಕರ್ ನಾಗ್ ನೆನಪಿಗಾಗಿ ಅರುಂಧತಿ ನಾಗ್ ಹತ್ತಾರು ವರ್ಷ ಓಡಾಡಿ ಕಟ್ಟಿಸಿದ ಜಾಗ, 2004ರಲ್ಲಿ ಶುರುವಾಯಿತು. ಸೋಮವಾರ ಬಿಟ್ಟರೆ ದಿನಕ್ಕೊಂದು ನಾಟಕ ಅನ್ನುವುದು ಅವರ ಪದ್ಧತಿ. ಸಂಜೆಯ ಆಟ ಸಾಮಾನ್ಯವಾಗಿ 7:30ಕ್ಕೆ. ವಾರಾಂತ್ಯದಲ್ಲಿ ಮಧ್ಯಾಹ್ನ 3:30ಕ್ಕೂ ಒಂದು ಇರುವುದುಂಟು. ಇಲ್ಲಿ ವೇದಿಕೆ ಪ್ರೇಕ್ಷಕರ ನಡುವೆ ಮುಂದಕ್ಕೆ ಚಾಚಿಕೊಂಡಿದೆ. ಮೂರು ಕಡೆ ನಾವು, ನಡುವೆ ನಟರು. ಮೈಕು ಬೇಕಾಗುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತರೆ ನಟನ ಹಣೆಯ ಬೆವರು ಕಾಣುತ್ತದೆ, ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ನಾಟಕ ಅಂದರೆ ಗಣೇಶೋತ್ಸವದ ಪೆಂಡಾಲಿನಲ್ಲಿ ಮೈಕ್ ಸ್ಟ್ಯಾಂಡಿನ ಮುಂದೆ ಸಾಲಾಗಿ ನಿಂತು ಡೈಲಾಗ್ ಹೇಳುವುದು ಅಂದುಕೊಂಡವರಿಗೆ ಇದೊಂದು ಬೇರೆಯೇ ಅನುಭವ.

ಎರಡನೆಯದು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ್ದು. ದೊಡ್ಡ ಸಭಾಂಗಣ, ಸಾವಿರದಷ್ಟು ಜನ ಹಿಡಿಸುತ್ತಾರೆ. ಹಿಂದುಗಡೆ ಸಂಸ ಬಯಲು ರಂಗಮಂದಿರ ಇದೆ. ಬಿ.ವಿ. ಕಾರಂತರು 1972ರಲ್ಲಿ ಸಾಲಾಗಿ ಮೂರು ನಾಟಕ ಮಾಡಿಸಿ, ಕನ್ನಡ ಹವ್ಯಾಸಿ ರಂಗಭೂಮಿಯ ದಾರಿಯನ್ನೇ ತಿರುಗಿಸಿದ್ದು ಈ ಕಲಾಕ್ಷೇತ್ರದ ಹಿತ್ತಲಲ್ಲೇ. ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ ಇದೆ. ಹೀಗೆ ಒಂದೇ ಆವರಣದಲ್ಲಿ ಮೂರು ಜಾಗ. ಟಿಕೆಟ್ ದರ ಕಮ್ಮಿ, ಕೆಲವು ಆಟಗಳಿಗೆ ಪ್ರವೇಶ ಉಚಿತವೂ ಇರುತ್ತದೆ. ಆದರೆ ಇಲ್ಲಿ ನಾಟಕದ ಮೊದಲು ಸಭಾ ಕಾರ್ಯಕ್ರಮ ಇದೆಯಾ ಅಂತ ನೋಡಿಕೊಳ್ಳಿ. ಆರೂವರೆ ಅಂತ ಹಾಕಿದ್ದು ಹಾರ, ಶಾಲು, ಭಾಷಣ ಎಲ್ಲ ಮುಗಿದು ಶುರುವಾಗುವಾಗ ಎಂಟಾದರೂ ಆಶ್ಚರ್ಯ ಇಲ್ಲ.

ಹನುಮಂತನಗರದ ಕೆ.ಎಚ್. ಕಲಾಸೌಧ ಚಿಕ್ಕದು, ಚೊಕ್ಕದು, ಬಸವನಗುಡಿಗೆ ಹತ್ತಿರ. ಮಲ್ಲತ್ತಹಳ್ಳಿಯ ಕಲಾಗ್ರಾಮ ಮೈಸೂರು ರಸ್ತೆ ಕಡೆಯಿಂದ ಬರುವ ನಮಗೆ ಅನುಕೂಲ. ಕುವೆಂಪು ಅವರ ದೊಡ್ಡ ಕಾದಂಬರಿಯನ್ನು ರಾತ್ರಿಯಿಡೀ ಆಡಿದ್ದು ಇಲ್ಲೇ. ಅಂಥದ್ದು ಮತ್ತೆ ಬಂದರೆ ಸ್ವೆಟರ್ ಹಾಕಿಕೊಂಡು ಹೋಗಿ. ವೈಟ್‌ಫೀಲ್ಡಿನ ಜಾಗೃತಿಯಲ್ಲಿ ಇಂಗ್ಲಿಷ್ ನಾಟಕಗಳು ಜಾಸ್ತಿ. ಮಲ್ಲೇಶ್ವರದ ಹತ್ತಿರ ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಇದೆ. ನಾಟಕ ಇಲ್ಲದಿದ್ದರೂ ಹೊರಗಿನಿಂದ ಒಮ್ಮೆ ನೋಡಬಹುದು.

ನಾಟಕ ಹುಡುಕುವುದು ಹೇಗೆ? ಬುಕ್‌ಮೈಶೋದಲ್ಲಿ ಊರು ಬೆಂಗಳೂರು ಅಂತ ಹಾಕಿ, ಸಿನಿಮಾ ಬಿಟ್ಟು ನಾಟಕದ ವಿಭಾಗಕ್ಕೆ ಹೋಗಿ, ದಿನಾಂಕ ಹಾಕಿದರೆ ಪಟ್ಟಿ ಬರುತ್ತದೆ. ರಂಗಶಂಕರದ ವೆಬ್‌ಸೈಟಿನಲ್ಲಿ ತಿಂಗಳ ಪಟ್ಟಿ ಸಿಗುತ್ತದೆ. ಕಲಾಕ್ಷೇತ್ರ, ಕಲಾಸೌಧದ ಎಷ್ಟೋ ಆಟಗಳು ಬುಕ್‌ಮೈಶೋದಲ್ಲಿ ಬರುವುದೇ ಇಲ್ಲ. ಅವಕ್ಕೆ ರಂಗತಂಡಗಳ ಫೇಸ್‌ಬುಕ್ ಪುಟ, ವಾಟ್ಸಾಪ್ ಪೋಸ್ಟರ್, ಶುಕ್ರವಾರ ಶನಿವಾರದ ಪತ್ರಿಕೆಯ ಬೆಂಗಳೂರು ಆವೃತ್ತಿಯೇ ಗತಿ. ಮಗನೋ ಸೊಸೆಯೋ ಅಲ್ಲಿದ್ದರೆ ಪೋಸ್ಟರ್ ಕಳಿಸಲು ಹೇಳಿ.

ಪಟ್ಟಿ ನೋಡುವಾಗ ನಾಲ್ಕು ವಿಷಯ ಗಮನಿಸಿ. ಭಾಷೆ ಯಾವುದು, ಯಾಕೆಂದರೆ ಕನ್ನಡ ಹೆಸರಿನ ನಾಟಕ ಇಂಗ್ಲಿಷಿನಲ್ಲೂ ಇರಬಹುದು. ಎಷ್ಟು ಹೊತ್ತಿನದು. ನಡುವೆ ವಿರಾಮ ಇದೆಯಾ. ಮಕ್ಕಳಿಗೆ ವಯಸ್ಸಿನ ಮಿತಿ ಇದೆಯಾ. ಕೊನೆಯದನ್ನು ನೋಡದೆ ಚಿಕ್ಕ ಮಗುವನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತರೆ ಅಪ್ಪ ಅಮ್ಮನಲ್ಲಿ ಒಬ್ಬರು ಹೊರಗೇ ಕೂರಬೇಕಾಗುತ್ತದೆ.

ಯಾವ ನಾಟಕ ಅಂತ ಗೊತ್ತಾಗದಿದ್ದರೆ? ನನ್ನ ಸಲಹೆ, ನಾಟಕಕಾರರ ಹೆಸರು ನೋಡಿ ಶುರುಮಾಡಿ. ಗಿರೀಶ ಕಾರ್ನಾಡ, ಚಂದ್ರಶೇಖರ ಕಂಬಾರ, ಲಂಕೇಶ್, ಕೈಲಾಸಂ, ಇವರಲ್ಲಿ ಯಾರದ್ದಾದರೂ ಇದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಹೆಗ್ಗೋಡಿನ ನೀನಾಸಂ ತಿರುಗಾಟದ ತಂಡವೋ ಮೈಸೂರಿನ ರಂಗಾಯಣವೋ ಬೆಂಗಳೂರಿಗೆ ಬಂದಿದ್ದರೆ ಅದಕ್ಕೂ ಎರಡು ಮಾತಿಲ್ಲ. ನಗಿಸುವುದೇ ಬೇಕು ಅನ್ನುವವರಿಗೆ ಶನಿವಾರ ಭಾನುವಾರ ಒಂದಾದರೂ ಹಾಸ್ಯ ನಾಟಕ ಇದ್ದೇ ಇರುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಟಿಕೆಟ್ ಖರೀದಿಸಿ. ಆಮೇಲೆ ಮುಂದಿನ ಹೆಜ್ಜೆ.

ಹೆಜ್ಜೆ 3: ಬಸ್ಸು

ಇಲ್ಲಿ ನಮಗೊಂದು ಲಾಭ ಇದೆ. ಶುಕ್ರವಾರ ರಾತ್ರಿ, ಶನಿವಾರ ಬೆಳಿಗ್ಗೆ ಅರ್ಧ ಬೆಂಗಳೂರು ಹೋಂಸ್ಟೇ ಹುಡುಕಿಕೊಂಡು ಕೊಡಗಿಗೆ ಬರುತ್ತದೆ. ಭಾನುವಾರ ಸಂಜೆ ಅದೇ ಜನ ವಾಪಸ್. ನಾವು ಹೋಗುವುದು ಉಲ್ಟಾ. ಶನಿವಾರ ಬೆಳಿಗ್ಗೆ ಮಡಿಕೇರಿಯಿಂದ ಹೊರಡುವ ಬಸ್ಸಿನಲ್ಲಿ, ಭಾನುವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಬಸ್ಸಿನಲ್ಲಿ ಸೀಟು ಸಿಗುವುದು ಸುಲಭ. ಕುಶಾಲನಗರದ ಟ್ರಾಫಿಕ್ಕಿನಲ್ಲಿ ಅವರು ಎದುರಿನ ಸಾಲಿನಲ್ಲಿ ನಿಂತಿರುತ್ತಾರೆ, ನಾವು ಸಾಗುತ್ತಿರುತ್ತೇವೆ. ಈ ಒಂದು ಸುಖಕ್ಕಾದರೂ ವಾರಾಂತ್ಯದಲ್ಲೇ ಹೋಗಬೇಕು. ಸಾಲು ರಜೆ ಬಂದಾಗ ಮಾತ್ರ ಈ ಲೆಕ್ಕ ಕೆಡುತ್ತದೆ, ಆಗ ಎರಡೂ ಕಡೆ ಮೊದಲೇ ಬುಕ್ ಮಾಡಿ.

ಜಿಲ್ಲೆಗೆ ರೈಲು ಇಲ್ಲ. ಮಡಿಕೇರಿಯಿಂದ ಬೆಂಗಳೂರು ಸುಮಾರು 260 ಕಿ.ಮೀ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಮೈಸೂರು ಮೇಲೆ ಬಸ್ಸಿನಲ್ಲಿ ಆರು ಗಂಟೆ ಅಂತ ಇಟ್ಟುಕೊಳ್ಳಿ. ವಿರಾಜಪೇಟೆ, ಪೊನ್ನಂಪೇಟೆ ಕಡೆಯವರು ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು ದಾಟಿ ಹುಣಸೂರು ಸೇರುತ್ತಾರೆ. ಶನಿವಾರಸಂತೆ ಕಡೆಯವರಿಗೆ ಹಾಸನ, ಚನ್ನರಾಯಪಟ್ಟಣದ ಮೇಲಿನ ದಾರಿಯೂ ಇದೆ. ಆ ದಾರಿಯಲ್ಲಿ ಬಂದರೆ ಊರೊಳಗೆ ನುಗ್ಗುವುದು ನೆಲಮಂಗಲ, ಯಶವಂತಪುರ ಕಡೆಯಿಂದ, ಸ್ಯಾಟಲೈಟ್ ನಿಲ್ದಾಣ ಸಿಗುವುದೇ ಇಲ್ಲ. ಇದನ್ನು ರೂಮು ಮಾಡುವಾಗ ನೆನಪಿಡಿ.

ಹೆಂಗಸರಿಗೆ ಒಂದು ಮಾತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರುವುದು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ. ರಾಜಹಂಸ, ಐರಾವತದಲ್ಲಿ ಇಲ್ಲ. ಬೆಂಗಳೂರಿನ ಒಳಗೆ ಬಿಎಂಟಿಸಿಯ ಸಾದಾ ಬಸ್ಸಿನಲ್ಲೂ ಉಚಿತ, ಎ.ಸಿ. ಬಸ್ಸು ವಜ್ರದಲ್ಲಿ ಇಲ್ಲ, ಮೆಟ್ರೋದಲ್ಲೂ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ. ಆದರೆ ಸಂಜೆ ನಾಟಕ ನೋಡಬೇಕಾದವರು ಹೋಗುವಾಗ ರಾಜಹಂಸವೋ ಐರಾವತವೋ ಹತ್ತುವುದು ಒಳ್ಳೆಯದು. ಉಳಿಸಿದ ದುಡ್ಡು ಸೊಂಟನೋವಿಗೆ ಹೋಗುತ್ತದೆ.

ಬೆಳಿಗ್ಗೆ 6 ಗಂಟೆಯ ಆಸುಪಾಸಿನ ಬಸ್ಸು ಹಿಡಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಬೆಂಗಳೂರು. ಅದಕ್ಕಿಂತ ತಡ ಮಾಡಬೇಡಿ.

ಕಾರಿನಲ್ಲಿ ಹೋಗಬಹುದಾ? ಹೋಗಬಹುದು. ಮೈಸೂರಿನಿಂದ ಮುಂದೆ ದಶಪಥ ರಸ್ತೆ ಇದೆ, ಬೇಗ ತಲುಪುತ್ತೀರಿ. ಆದರೆ ಕೆಂಗೇರಿಯಿಂದ ಒಳಗೆ ಉಳಿದ ಅಷ್ಟು ಸಮಯವೂ ಹೋಗುತ್ತದೆ. ಕಾರು ಇದ್ದವರು ರೂಮಿನಲ್ಲಿ ನಿಲ್ಲಿಸಿ ಮೆಟ್ರೋ ಹತ್ತಿ. ಬೈಕಿನವರಿಗೆ ದಶಪಥದ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಪ್ರವೇಶ ಇಲ್ಲ, ಪಕ್ಕದ ಸರ್ವಿಸ್ ರಸ್ತೆಯೇ.

ಹೆಜ್ಜೆ 4: ರೂಮು

ನಾಟಕ ಎಲ್ಲಿದೆಯೋ ಅದೇ ಮೆಟ್ರೋ ಸಾಲಿನಲ್ಲಿ ರೂಮು ಮಾಡಿ. ರಂಗಶಂಕರಕ್ಕೆ, ಕಲಾಸೌಧಕ್ಕೆ, ಕಲಾಕ್ಷೇತ್ರಕ್ಕೆ ಹೋಗುವವರಿಗೆ ಹಸಿರು ಮಾರ್ಗ. ನ್ಯಾಷನಲ್ ಕಾಲೇಜಿನಿಂದ ಬನಶಂಕರಿವರೆಗಿನ ನಿಲ್ದಾಣಗಳ ಹತ್ತಿರ ಎಲ್ಲಿ ಸಿಕ್ಕರೂ ಸರಿ. ಬಸವನಗುಡಿ, ಜಯನಗರ ಎರಡೂ ಕಾಲಾಡಿಸಲು ಚೆಂದದ ಬಡಾವಣೆಗಳು. ಮೆಜೆಸ್ಟಿಕ್ ಸುತ್ತ ಲಾಡ್ಜುಗಳು ಅಗ್ಗ, ಆದರೆ ರಾತ್ರಿಯಿಡೀ ಹಾರ್ನ್. ಕಾಡಿನ ಸದ್ದಿನಲ್ಲಿ ಮಲಗಿ ಅಭ್ಯಾಸ ಆದವರಿಗೆ ನಿದ್ದೆ ಬರುವುದಿಲ್ಲ. "ಮೆಟ್ರೋಗೆ ಎರಡೇ ನಿಮಿಷ" ಅಂತ ಹಾಕಿರುವುದನ್ನು ನಂಬದೆ ನಕ್ಷೆಯಲ್ಲಿ ನೀವೇ ಅಳೆದು ನೋಡಿ.

ನೆಂಟರ ಮನೆಯಲ್ಲಿ ಉಳಿಯಬಹುದಲ್ಲ ಅಂತ ಕೇಳುತ್ತೀರಿ. ಉಳಿಯಬೇಡಿ. ಅವರ ಮನೆಯಲ್ಲಿ ಏಳೂವರೆಗೆ ಕಾಫಿ, ಒಂಬತ್ತಕ್ಕೆ ಊಟ, ನಿಮಗೆ ಅದೇ ಹೊತ್ತಿಗೆ ನಾಟಕ. ಎದ್ದು ಹೊರಟರೆ ಅವರಿಗೆ ಬೇಜಾರು, ಕೂತರೆ ನಿಮ್ಮ ಟಿಕೆಟ್ ಹೋಯಿತು. ಬೇಕಾದರೆ ಅವರಿಗೂ ಒಂದು ಟಿಕೆಟ್ ತೆಗೆದು ರಂಗಮಂದಿರಕ್ಕೇ ಕರೆಯಿರಿ. ಒಯ್ದ ಕಾಫಿಪುಡಿ, ಕಾಚಂಪುಳಿ ಅಲ್ಲೇ ಕೊಟ್ಟುಬಿಡಿ.

ಹೆಜ್ಜೆ 5: ಶನಿವಾರ, ಇಳಿದ ಮೇಲೆ

ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿಯಿರಿ. ಆಟೋದವರು ಬಾಗಿಲಿಗೇ ಬಂದು ಸುತ್ತುವರಿಯುತ್ತಾರೆ. ಅವರನ್ನು ದಾಟಿ ದೀಪಾಂಜಲಿನಗರ ಮೆಟ್ರೋ ನಿಲ್ದಾಣಕ್ಕೆ ನಡೆಯಿರಿ, ಹತ್ತಿರದಲ್ಲೇ ಇದೆ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ರೇಷ್ಮೆ ಸಂಸ್ಥೆ ಕಡೆಯ ರೈಲು. ಮೆಜೆಸ್ಟಿಕ್‌ನಲ್ಲಿ ಬದಲಾಯಿಸುವುದು ಅಂದರೆ ನೆಲದಡಿಯಲ್ಲಿ ಮಹಡಿ ಹತ್ತಿ ಇಳಿಯುವುದು. ಗುಂಪಿನ ಹಿಂದೆ ಹೋಗದೆ ಬೋರ್ಡು ಓದಿ.

ಮೆಟ್ರೋ ಬಾಗಿಲಲ್ಲಿ ಬ್ಯಾಗು ಸ್ಕ್ಯಾನ್ ಮಾಡುತ್ತಾರೆ. ಕೋವಿಗೆ ನಮಗೆ ಲೈಸೆನ್ಸ್ ವಿನಾಯಿತಿ ಇರಬಹುದು, ಅಲ್ಲಿ ಮಾತ್ರ ಹಣ್ಣು ಕುಯ್ಯುವ ಚಾಕುವಿಗೂ ರಿಯಾಯಿತಿ ಇಲ್ಲ. ನೆಂಟರಿಗೆ ಅಂತ ಪೀಚೆಕತ್ತಿ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ.

ರೂಮಿಗೆ ಹೋಗಿ, ಊಟ ಮಾಡಿ, ಒಂದು ಗಂಟೆ ಮಲಗಿ. ಇದನ್ನು ಯಾರೂ ಮಾಡುವುದಿಲ್ಲ, ಬೆಂಗಳೂರಿಗೆ ಬಂದು ಮಲಗುವುದಾ ಅನ್ನುತ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಆರು ಗಂಟೆ ಬಸ್ಸಿನಲ್ಲಿ ಕುಲುಕಿದ ಮೈ, ಕತ್ತಲ ಸಭಾಂಗಣದಲ್ಲಿ ತಂಪಾಗಿ ಕೂತ ಹತ್ತನೇ ನಿಮಿಷಕ್ಕೆ ಮಲಗಿಯೇ ಮಲಗುತ್ತದೆ. ಪಕ್ಕದವರಿಗೆ ಗೊರಕೆ ಕೇಳಿಸುವುದಕ್ಕಿಂತ ಲಾಡ್ಜಿನ ಮಂಚವೇ ವಾಸಿ.

ನಾಲ್ಕು ಗಂಟೆಗೆ ಎದ್ದು ಬಸವನಗುಡಿ ಸುತ್ತಿ. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ನಡೆದೇ ಹೋಗಬಹುದು. ಗಾಂಧಿ ಬಜಾರಿನ ಹೂವು, ಹಣ್ಣಿನ ಅಂಗಡಿಗಳು, ಅಂಕಿತ ಪುಸ್ತಕದ ಮಳಿಗೆ, ಅಲ್ಲಿಂದ ಮುಂದೆ ದೊಡ್ಡ ಬಸವಣ್ಣನ ಗುಡಿ. ಒಂದೇ ಬಂಡೆಯಲ್ಲಿ ಕಡೆದ ಬಸವ, ಸುಮಾರು 15 ಅಡಿ ಎತ್ತರ, ಎಣ್ಣೆ ಕುಡಿದು ಕುಡಿದು ಕಪ್ಪಗೆ ಹೊಳೆಯುತ್ತದೆ. ಗುಡಿ ಕಟ್ಟಿಸಿದ್ದು ಕೆಂಪೇಗೌಡ ಅಂತ ಪ್ರತೀತಿ. ಪಕ್ಕದಲ್ಲೇ ದೊಡ್ಡ ಗಣಪತಿ. ಕಾರ್ತಿಕ ಮಾಸದ ಕೊನೆಯ ಸೋಮವಾರಕ್ಕೆ ಹೊಂದಿಸಿಕೊಂಡು ಬಂದರೆ ಇಲ್ಲೇ ಕಡಲೆಕಾಯಿ ಪರಿಷೆ ಸಿಗುತ್ತದೆ. ಆಗ ಮಾತ್ರ ಈ ರಸ್ತೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ.

ಇಷ್ಟೇ ಸಾಕು. ಐದೂಮುಕ್ಕಾಲಿಗೆ ರಂಗಮಂದಿರದ ಕಡೆ ಹೊರಡಿ.

ಹೆಜ್ಜೆ 6: ರಂಗಮಂದಿರದಲ್ಲಿ

ರಂಗಶಂಕರಕ್ಕೆ ಹೋಗುವವರು ಆರ್.ವಿ. ರಸ್ತೆ ಇಲ್ಲವೇ ಬನಶಂಕರಿ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಿರಿ. ಬೆಂಗಳೂರಿನ ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಮೀಟರ್ ಹಾಕುವವರು ಸಿಗದಿದ್ದರೆ ನಮ್ಮ ಯಾತ್ರಿ ಆ್ಯಪ್ ಇದೆ. ಕಲಾಕ್ಷೇತ್ರಕ್ಕೆ ಹೋಗುವವರು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಹದಿನೈದು ನಿಮಿಷದ ನಡಿಗೆ. ಶನಿವಾರ ಸಂಜೆ ಆ ಕಡೆ ನಡೆಯುವುದೇ ಆಟೋಗಿಂತ ಬೇಗ.

ಆರೂವರೆಗೆ ಅಲ್ಲಿರಿ. ರಂಗಶಂಕರದಲ್ಲಿ ಸೀಟು ನಂಬರ್ ಇಲ್ಲ, ಮೊದಲು ಬಂದವರಿಗೆ ಒಳ್ಳೆ ಜಾಗ. ಕೆಫೆಯಲ್ಲಿ ತಿಂಡಿ ತಿಂದು, ಕಾಫಿ ಕುಡಿದು, ಪುಸ್ತಕ ನೋಡುತ್ತಾ ಕೂರಬಹುದು. ಆಟ ಮುಗಿಯುವಾಗ ಒಂಬತ್ತು ದಾಟುತ್ತದೆ, ಆದ್ದರಿಂದ ಗಟ್ಟಿಯಾಗಿ ಏನಾದರೂ ತಿನ್ನಿ. ಕಾಫಿ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ತೋಟದವರ ಬಾಯಿಗೆ ಬೆಂಗಳೂರಿನ ಯಾವ ಕಾಫಿಯಲ್ಲೂ ಚಿಕೋರಿಯೇ ಮೊದಲು ಸಿಗುತ್ತದೆ.

ಎಲ್ಲಿ ಕೂರಬೇಕು? ನಡುವಿನ ಭಾಗದ ಮೂರು ನಾಲ್ಕನೇ ಸಾಲು. ಮೊಣಕಾಲು ನೋವಿರುವ ಹಿರಿಯರು ಜೊತೆಯಲ್ಲಿದ್ದರೆ ಮೆಟ್ಟಿಲು ಹತ್ತಿಸದೆ ಯಾವ ಸಾಲು ಸಿಗುತ್ತದೆ ಅಂತ ಬಾಗಿಲಲ್ಲಿರುವ ಹುಡುಗರನ್ನು ಕೇಳಿ, ವ್ಯವಸ್ಥೆ ಮಾಡಿಕೊಡುತ್ತಾರೆ. ಕಲಾಕ್ಷೇತ್ರದಂಥ ದೊಡ್ಡ ಸಭಾಂಗಣದಲ್ಲಾದರೆ ಸಾಧ್ಯವಾದಷ್ಟು ಮುಂದೆ ಕೂರಿ. ಹಿಂದಿನ ಸಾಲಿಗೆ ಮುಖಭಾವ ತಲುಪುವುದಿಲ್ಲ.

ಬೆಲ್ ಮೂರು ಸಲ. ಮೊದಲನೆಯದು ಬಂದಾಗ ಕಾಫಿ ಲೋಟ ಇಟ್ಟು ಶೌಚಾಲಯಕ್ಕೆ ಹೋಗಿ ಬನ್ನಿ. ಎರಡನೆಯದಕ್ಕೆ ಸೀಟಿನಲ್ಲಿರಿ. ಮೂರನೆಯದಾದ ಮೇಲೆ ರಂಗಶಂಕರದಲ್ಲಿ ಬಾಗಿಲು ಮುಚ್ಚಿತು ಅಂದರೆ ಮುಚ್ಚಿತು. ಮಡಿಕೇರಿಯಿಂದ ಬಂದಿದ್ದೇವೆ, ಮಂತ್ರಿಗಳ ಕಡೆಯವರು, ಟ್ರಾಫಿಕ್ಕಿತ್ತು, ಏನು ಹೇಳಿದರೂ ತೆಗೆಯುವುದಿಲ್ಲ. ಇದು ಅಹಂಕಾರ ಅಂತ ಬೈಯುವವರಿದ್ದಾರೆ. ನನಗೆ ಇದೇ ಇಷ್ಟ. ನಟರು ತಿಂಗಳುಗಟ್ಟಲೆ ತಾಲೀಮು ಮಾಡಿ ಕತ್ತಲಲ್ಲಿ ಬಂದು ನಿಂತ ಮೊದಲ ಕ್ಷಣದಲ್ಲೇ ಯಾರೋ ಟಾರ್ಚ್ ಬಿಟ್ಟುಕೊಂಡು "ಸ್ವಲ್ಪ ಜರುಗಿ" ಅಂತ ಬಂದರೆ ಹೇಗೆ?

ಮೊಬೈಲ್ ಸೈಲೆಂಟ್ ಅಲ್ಲ, ಆಫ್. ಸೈಲೆಂಟ್ ಇಟ್ಟರೂ ಬೆಳಕು ಹತ್ತುತ್ತದೆ, ಆ ಕತ್ತಲಲ್ಲಿ ಅದು ನಟರ ಕಣ್ಣಿಗೆ ಹೊಡೆಯುತ್ತದೆ. ಫೋಟೋ, ವಿಡಿಯೋ ಬೇಡ. ಒದ್ದೆ ಕೊಡೆ, ಚುರ್ ಚುರ್ ಅನ್ನುವ ಪ್ಲಾಸ್ಟಿಕ್ ಕವರ್, ಚಿಪ್ಸ್ ಹೊರಗೇ ಇರಲಿ. ಮಕ್ಕಳಿಗೆ ಮೊದಲೇ ಕಥೆ ಹೇಳಿಟ್ಟಿದ್ದರೆ ಒಳಗೆ "ಅವನ್ಯಾರು, ಇವಳ್ಯಾರು" ಅನ್ನುವ ಪ್ರಶ್ನೆ ಬರುವುದಿಲ್ಲ.

ನಾಟಕ ಮುಗಿದ ಮೇಲೆ ತಕ್ಷಣ ಓಡಬೇಡಿ. ಪಾತ್ರಧಾರಿಗಳು, ತಂಡದವರು ಹೊರಗೆ ಬರುತ್ತಾರೆ, ಕಣ್ಣಿನ ಕಾಡಿಗೆ ಇನ್ನೂ ಪೂರ್ತಿ ಒರೆಸಿರುವುದಿಲ್ಲ. ಹೋಗಿ ಮಾತಾಡಿಸಿ. ಚೆನ್ನಾಗಿತ್ತು ಅಂತ ಹೇಳಿದರೆ ಸಾಕು, ಎರಡನೇ ಅಂಕ ಸ್ವಲ್ಪ ಎಳೆಯಿತು ಅಂದರೂ ಕೇಳಿಸಿಕೊಳ್ಳುತ್ತಾರೆ. ನಿಮ್ಮೂರಿಗೆ ಬಂದು ಆಡ್ತೀರಾ ಅಂತಲೂ ಕೇಳಿ. ತಂಡಗಳು ಊರೂರಿಗೆ ಹೋಗಲು ಸಿದ್ಧ ಇರುತ್ತವೆ, ಕರೆಯುವವರು ಬೇಕು.

ಮೆಟ್ರೋ ರಾತ್ರಿ 11ರ ಆಸುಪಾಸಿನವರೆಗೆ ಇದೆ. ಹತ್ತು ಗಂಟೆಯೊಳಗೆ ನಿಲ್ದಾಣ ಸೇರಿದರೆ ತಲೆಬಿಸಿ ಇಲ್ಲ.

ಹೆಜ್ಜೆ 7: ಭಾನುವಾರ

ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ, ಈಗ 240 ಎಕರೆ. ಗಿಡಮರ ನೋಡಲು ಕೊಡಗಿನವರು ಬೆಂಗಳೂರಿಗೆ ಹೋಗಬೇಕಾ ಅಂತ ನಗಬೇಡಿ. ಇಲ್ಲಿ ನೋಡಬೇಕಾದ್ದು ಎರಡು. ಒಂದು 1889ರ ಗಾಜಿನ ಮನೆ. ಇನ್ನೊಂದು, ಕೆಂಪೇಗೌಡ ಗೋಪುರ ನಿಂತಿರುವ ಬಂಡೆ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ಚಪ್ಪಲಿ ಕಳಚಿ ಅದರ ಮೇಲೆ ಐದು ನಿಮಿಷ ಕೂತರೆ ಊರಿನ ಒಂದು ಬದಿ ಕಾಣುತ್ತದೆ.

ತಿಂಡಿಗೆ ಎರಡು ದಾರಿ. ಲಾಲ್‌ಬಾಗ್ ರಸ್ತೆಯಲ್ಲಿ 1924ರ ಎಂಟಿಆರ್, ಗಾಂಧಿ ಬಜಾರಿನಲ್ಲಿ 1943ರ ವಿದ್ಯಾರ್ಥಿ ಭವನ. ಎರಡರಲ್ಲೂ ಭಾನುವಾರ ಕಾಯಬೇಕು. ನನ್ನ ಮತ ವಿದ್ಯಾರ್ಥಿ ಭವನಕ್ಕೆ. ದೋಸೆಗಿಂತ ಹೆಚ್ಚಾಗಿ ಅದನ್ನು ತರುವ ರೀತಿ ನೋಡಬೇಕು. ಬಡಿಸುವವರು ಒಂದು ಕೈಯಲ್ಲಿ ತಟ್ಟೆಯ ಮೇಲೆ ತಟ್ಟೆ ಪೇರಿಸಿ, ಮೊಣಕೈವರೆಗೂ ದೋಸೆಯ ಗೋಪುರ ಹೊತ್ತು, ಮೇಜುಗಳ ನಡುವೆ ಜಾರಿಕೊಂಡು ಬಂದು ಒಂದೊಂದೇ ತಟ್ಟೆಯನ್ನು ಟೇಬಲ್ಲಿಗೆ ಇಳಿಸುತ್ತಾರೆ. ಅದೂ ಒಂದು ಆಟವೇ. ಅಂದಹಾಗೆ ಶುಕ್ರವಾರ ಅಲ್ಲಿ ರಜೆ.

ಕುಡಿಯಲು ಇಡುವ ನೀರು ನಮ್ಮದೇ, ಬೇಜಾರಿಲ್ಲದೆ ಕುಡಿಯಿರಿ. ತಲಕಾವೇರಿಯಿಂದ ಹೊರಟದ್ದನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪಂಪ್ ಮಾಡಿ ಬೆಂಗಳೂರಿಗೆ ತರುತ್ತಾರೆ.

ಹತ್ತು ಗಂಟೆಗೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ವಿಧಾನಸೌಧ ನಿಲ್ದಾಣ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ 1956ರಲ್ಲಿ ಮುಗಿದ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಅಠಾರ ಕಚೇರಿ (ಹೈಕೋರ್ಟ್), ಅದರ ಹಿಂದೆ ಕಬ್ಬನ್ ಪಾರ್ಕ್. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮಕ್ಕಳು ಸೈಕಲ್ ಓಡಿಸುತ್ತಿರುತ್ತಾರೆ. ಇಲ್ಲಿಂದ ಮುಂದೆ ಒಂದನ್ನು ಮಾತ್ರ ಆರಿಸಿಕೊಳ್ಳಿ. ಮಕ್ಕಳಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಅರ್ಧ ದಿನ ಅಲ್ಲೇ ಹೋಗುತ್ತದೆ. ಚಿತ್ರಕಲೆ ಇಷ್ಟವಿದ್ದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಹೊರಗಿನ ಅಂಗಳದ ಮರಗಳ ಕೆಳಗೆ ಕೂರುವುದಕ್ಕಾದರೂ ಹೋಗಬಹುದು. ಪುಸ್ತಕದವರು ಚರ್ಚ್ ಸ್ಟ್ರೀಟಿಗೆ, ಹಳೆ ಪುಸ್ತಕ ಬೇಕಾದಷ್ಟು. ಬೆಂಗಳೂರು ಅರಮನೆ ಬಿಟ್ಟುಬಿಡಿ. ಮೈಸೂರು ಅರಮನೆ ನೋಡಿದವರಿಗೆ ಅಲ್ಲಿ ಹೊಸದೇನೂ ಸಿಗುವುದಿಲ್ಲ. ಮಾಲ್‌ಗಳ ಬಗ್ಗೆ ನಾನು ಹೇಳುವುದೇ ಇಲ್ಲ.

ಊಟಕ್ಕೆ ಪಂದಿಕರಿ ಹುಡುಕಿಕೊಂಡು ಹೋಗಬೇಡಿ. ಅದು ಮನೆಯಲ್ಲಿದೆ. ಮಿಲಿಟರಿ ಹೋಟೆಲಿನ ಮುದ್ದೆ, ಮಟನ್ ಸಾರು ಮನೆಯಲ್ಲಿಲ್ಲ.

ಇನ್ನೂ ಹುರುಪಿದ್ದರೆ ಮಧ್ಯಾಹ್ನ 3:30ರ ಆಟಕ್ಕೆ ಇನ್ನೊಂದು ಟಿಕೆಟ್ ತೆಗೆಯಬಹುದು. ಎರಡು ದಿನದಲ್ಲಿ ಎರಡು ನಾಟಕ ನೋಡುವವರು ಬೇರೆ ಬೇರೆ ಥರದ್ದನ್ನು ಆರಿಸಿ. ಶನಿವಾರ ಗಂಭೀರ, ಭಾನುವಾರ ಹಗುರ. ಉಲ್ಟಾ ಮಾಡಿದರೆ ಭಾರವನ್ನು ಹೊತ್ತು ಬಸ್ಸು ಹತ್ತಬೇಕಾಗುತ್ತದೆ.

ಬೆಂಗಳೂರು ದೂರ ಆಯ್ತು ಅನ್ನುವವರಿಗೆ

ಮೈಸೂರಿನಲ್ಲೇ ಇಳಿಯಿರಿ. ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಶುರುವಾದ ರಂಗಾಯಣ ಕಲಾಮಂದಿರದ ಆವರಣದಲ್ಲಿದೆ. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ವಾರಾಂತ್ಯಕ್ಕೆ ನಾಟಕ ಇರುವುದುಂಟು. ಬಹುರೂಪಿ ನಾಟಕೋತ್ಸವದ ದಿನಗಳಲ್ಲಿ ಹೋದರಂತೂ ದೇಶದ ಬೇರೆ ಬೇರೆ ಭಾಷೆಯ ನಾಟಕಗಳು ಸಿಗುತ್ತವೆ. ಮಡಿಕೇರಿಯಿಂದ 120 ಕಿ.ಮೀ. ಅಷ್ಟೇ. ಬೆಂಗಳೂರಿಗೆ ಹೋಗುವ ಮೊದಲು ಇಲ್ಲಿ ಒಂದು ನಾಟಕ ನೋಡಿದರೆ ನಿಮಗೆ ಯಾವ ಥರದ್ದು ಹಿಡಿಸುತ್ತದೆ ಅಂತಲೂ ಗೊತ್ತಾಗುತ್ತದೆ.

ಹೆಜ್ಜೆ 8: ವಾಪಸ್ ಬಸ್ಸು

ಭಾನುವಾರ ರಾತ್ರಿ ಬಸ್ಸು ಬುಕ್ ಮಾಡುವಾಗ ಹತ್ತುವ ಜಾಗ ಯಾವುದು ಅಂತ ನೋಡಿಕೊಳ್ಳಿ. ಮೈಸೂರು ಕಡೆಯ ಬಸ್ಸುಗಳು ಹೆಚ್ಚಾಗಿ ಸ್ಯಾಟಲೈಟ್‌ನಿಂದ. ಎಷ್ಟೋ ಜನ ಮೆಜೆಸ್ಟಿಕ್‌ಗೆ ಹೋಗಿ ನಿಂತು, ಕೊನೆ ಗಳಿಗೆಯಲ್ಲಿ ಆಟೋ ಹಿಡಿದು ಓಡುತ್ತಾರೆ. ರೂಮು ದಕ್ಷಿಣದಲ್ಲಿದ್ದರೆ ಕೆಂಗೇರಿಯಲ್ಲಿ ಹತ್ತುವ ಯೋಚನೆ ಬೇಡ, ಮೆಟ್ರೋದಲ್ಲಿ ದೀಪಾಂಜಲಿನಗರಕ್ಕೇ ಬನ್ನಿ.

ಒಂಬತ್ತು, ಹತ್ತರ ಬಸ್ಸಿಗಿಂತ 11ರ ನಂತರದ್ದು ಒಳ್ಳೆಯದು. ಬೇಗ ಹೊರಟ ಬಸ್ಸು ಬೆಳಗಿನ ಮೂರು ಗಂಟೆಗೆ ಮಡಿಕೇರಿಯಲ್ಲಿ ಇಳಿಸಿಬಿಡುತ್ತದೆ. ನಾಪೋಕ್ಲು, ಮೂರ್ನಾಡು, ಭಾಗಮಂಡಲ ಕಡೆಯವರು ಆಮೇಲೆ ಮೊದಲ ಬಸ್ಸು ಬರುವವರೆಗೆ ಚಳಿಯಲ್ಲಿ ನಿಲ್ದಾಣದ ಬೆಂಚಿನ ಮೇಲೆ ಕೂರಬೇಕು. ಒಳಗಿನ ಊರಿನವರು, ಅದರಲ್ಲೂ ಆನೆ ಓಡಾಡುವ ತೋಟದ ದಾರಿ ಇರುವವರು, ಬೆಳಕು ಹರಿಯುವ ಮೊದಲು ಬೈಕಿನಲ್ಲಿ ಯಾರನ್ನೂ ಕರೆಯಲು ಬರ ಹೇಳಬೇಡಿ. ಆರೂವರೆಗೆ ಬಂದರೆ ಸಾಕು ಅಂತ ಶನಿವಾರವೇ ಹೇಳಿಟ್ಟಿರಿ.